ಮ್ಯಾಟವೋಮನ್ ಕ್ರೀಕ್: ಉಬ್ಬರದಲ್ಲಿ ಸಿಗುವ ಬಾಸ್ ಇಳಿತದಲ್ಲಿ ಎಲ್ಲಿಗೆ ಹೋಗುತ್ತದೆ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಕಡೆಯವನಾದ ನಾನು ಮೂರು ವರ್ಷಗಳಿಂದ ಮೇರಿಲ್ಯಾಂಡ್‌ನಲ್ಲಿದ್ದೇನೆ. ಇಲ್ಲಿನ ಕೆರೆಗಳಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ಸಿಹಿನೀರಿನ ಮೀನನ್ನು ಹಿಡಿಯುವುದು ತಕ್ಕಮಟ್ಟಿಗೆ ಕೈಗೆ ಹತ್ತಿದೆ. ಆದರೆ ಉಬ್ಬರವಿಳಿತ ತಲುಪುವ ಪೊಟೋಮ್ಯಾಕ್ ನದಿಯಲ್ಲಿ, ಅದರಲ್ಲೂ ಅದಕ್ಕೆ ಸೇರುವ ಮ್ಯಾಟವೋಮನ್ ಕ್ರೀಕ್ ಎಂಬ ಸಣ್ಣ ಹೊಳೆಯಲ್ಲಿ, ಈ ಜುಲೈನ ನಾಲ್ಕೂ ವಾರಾಂತ್ಯ ಒಂದೇ ಅನುಭವವಾಗಿದೆ. ಸ್ಮಾಲ್‌ವುಡ್ ಸ್ಟೇಟ್ ಪಾರ್ಕ್‌ನಲ್ಲಿ ಕಯಾಕ್ ಇಳಿಸಿ, ಸ್ಪ್ಯಾಟರ್‌ಡಾಕ್ ಎಂಬ ನೈದಿಲೆಯಂಥ ನೀರುಗಿಡದ ಎಲೆಗಳ ನಡುವೆ ಪಾಪರ್ (ನೀರಿನ ಮೇಲೆ ತೇಲುವ ಕೃತಕ ಆಮಿಷ) ಎಸೆದರೆ ಮೊದಲ ಒಂದು ಗಂಟೆಯಲ್ಲಿ ಎರಡು ಮೂರು ಮೀನು ಸಿಗುತ್ತವೆ. ಅನಂತರ ಮಧ್ಯಾಹ್ನದವರೆಗೆ ಅದೇ ಜಾಗದಲ್ಲಿ ಪಾಪರ್, ರಬ್ಬರ್ ಕಪ್ಪೆ, ಸ್ಪಿನ್ನರ್‌ಬೇಟ್ (ತಿರುಗುವ ಲೋಹದ ತಗಡಿನ ಆಮಿಷ) ಎಂದು ಏನನ್ನು ಬದಲಿಸಿದರೂ ಒಂದೂ ಮುಟ್ಟುವುದಿಲ್ಲ. ವಾಷಿಂಗ್ಟನ್ ನಗರದ ಉಬ್ಬರದ ವೇಳಾಪಟ್ಟಿಯನ್ನು ನೋಡಿಕೊಂಡೇ ಹೊರಡುತ್ತೇನೆ. ಪಟ್ಟಿಯ ಪ್ರಕಾರ ನೀರು ಇನ್ನೂ ಏರುತ್ತಿರಬೇಕಾದ ಹೊತ್ತಿನಲ್ಲೇ ಕಚ್ಚುವುದು ನಿಂತುಬಿಡುತ್ತದೆ.

ಪಾಪರ್ ಎಸೆಯಲು ಬಳಸುತ್ತಿರುವುದು 8-ವೇಟ್ ಫ್ಲೈ ರಾಡ್ (ಹಗುರ ಆಮಿಷವನ್ನು ಲೈನಿನ ಭಾರದಿಂದಲೇ ಎಸೆಯುವ ಗಾಳದ ಕೋಲು; 8 ಎಂಬುದು ಲೈನಿನ ತೂಕದ ದರ್ಜೆ), ತೇಲುವ ಲೈನ್, 9 ಅಡಿಯ ಲೀಡರ್ (ಲೈನಿಗೂ ಆಮಿಷಕ್ಕೂ ನಡುವಿನ ತೆಳು ದಾರ). ಇನ್ನೊಂದು ತೊಂದರೆಯೂ ಇದೆ. ಕ್ರೀಕ್ ನದಿಗೆ ಸೇರುವ ಕಡೆ ಎಸೆದರೆ ಸೆಳೆತವು ಲೈನನ್ನು ಬಿಲ್ಲಿನಂತೆ ಬಾಗಿಸಿ ಎಳೆದೊಯ್ಯುತ್ತದೆ. ಮೀನು ಕಚ್ಚಿದ್ದು ತಿಳಿದು ರಾಡ್ ಎತ್ತುವಷ್ಟರಲ್ಲಿ ಅದು ಬಿಟ್ಟಿರುತ್ತದೆ.

ಅಳಿವೆಬಾಗಿಲು:

ನಿಮ್ಮ ಆಮಿಷಗಳಲ್ಲಿ ದೋಷವಿಲ್ಲ. ಮೊದಲು ವೇಳಾಪಟ್ಟಿಯನ್ನು ಬದಲಿಸಿ. ಉಬ್ಬರವು ಚೆಸಪೀಕ್ ಕೊಲ್ಲಿಯಿಂದ ನದಿಯ ಮೇಲ್ಮುಖವಾಗಿ ಸಾಗುವುದರಿಂದ, ವಾಷಿಂಗ್ಟನ್‌ಗಿಂತ ಕೆಳಗಿರುವ ಮ್ಯಾಟವೋಮನ್ ಅದನ್ನು ಮೊದಲೇ ಕಾಣುತ್ತದೆ. ವಾಷಿಂಗ್ಟನ್‌ನಲ್ಲಿ ನೀರು ಇನ್ನೂ ಏರುತ್ತಿರುವಾಗ ನೀವಿರುವ ಕಡೆ ಅದು ಆಗಲೇ ತಿರುಗಿರುತ್ತದೆ. ಕ್ರೀಕ್‌ನ ಬಾಯಿಗೆ ಹತ್ತಿರವಿರುವ ಇಂಡಿಯನ್ ಹೆಡ್‌ನ ವೇಳೆಯನ್ನು ನೋಡಿ.

ಅದಕ್ಕಿಂತಲೂ ನಂಬಬಹುದಾದ ಗುರುತು ನಿಮ್ಮ ಕಣ್ಣೆದುರಿಗೇ ಇದೆ. ಸ್ಪ್ಯಾಟರ್‌ಡಾಕ್‌ನ ಒಂದು ದಂಟನ್ನು ಹತ್ತಿರದಿಂದ ಗಮನಿಸಿ. ನೀರಿನ ಮಟ್ಟಕ್ಕಿಂತ ಮೇಲೆ ಎರಡು ಬೆರಳಗಲ ಒದ್ದೆಯಾಗಿ, ಕಪ್ಪಗೆ, ಸಣ್ಣ ಕೆಸರಿನ ಪೊರೆಯೊಂದಿಗೆ ಹೊಳೆಯುತ್ತಿದ್ದರೆ ಇಳಿತ ಆರಂಭವಾಗಿದೆ. ದಂಟು ನೀರಿನ ಅಂಚಿನವರೆಗೂ ಒಣಗಿದ್ದರೆ ನೀರು ಏರುತ್ತಿದೆ. ಗಂಗೊಳ್ಳಿಯ ಅಳಿವೆಯ ದಡದಲ್ಲಿ ಬೆಳೆದ ನಾನು ದೋಣಿ ಕಟ್ಟುವ ಗೂಟದ ಮೇಲೆ ಇದೇ ಒದ್ದೆಗೆರೆಯನ್ನು ನೋಡಿ ಹೊತ್ತು ಹೇಳಲು ಕಲಿತವನು. ಪೊಟೋಮ್ಯಾಕ್‌ನಲ್ಲೂ ಅದು ಇದುವರೆಗೆ ನನಗೆ ತಪ್ಪು ಹೇಳಿಲ್ಲ.

ಇನ್ನು ಮೀನಿನ ವಿಷಯ. ಮ್ಯಾಟವೋಮನ್‌ನಲ್ಲಿ ನೀರು ಏರಿಳಿಯುವುದು ಎರಡು ಅಡಿಯ ಆಸುಪಾಸು ಮಾತ್ರ. ಆದರೆ ಎಲೆಗಳಿರುವ ಜಾಗವೇ ಎರಡು ಮೂರು ಅಡಿ ಆಳದ್ದಾದ್ದರಿಂದ, ಇಳಿತದಲ್ಲಿ ಬಾಸ್‌ಗೆ ಅಲ್ಲಿ ಬೆನ್ನು ಮುಚ್ಚುವಷ್ಟು ನೀರೂ ಉಳಿಯುವುದಿಲ್ಲ. ಅದು ದೂರವೇನೂ ಹೋಗುವುದಿಲ್ಲ. ಎಲೆಗಳ ಹೊರ ಅಂಚಿಗೆ, ಅಲ್ಲಿಂದ ಹೈಡ್ರಿಲ್ಲಾ ಎಂಬ ನೀರೊಳಗಿನ ಗಿಡ ದಟ್ಟವಾಗಿ ಬೆಳೆದ ಇಳಿಜಾರಿಗೆ, ಕೊನೆಗೆ ಕ್ರೀಕ್‌ನ ಆಳದ ಕಾಲುವೆಯ ಬದಿಯಲ್ಲಿ ಬಿದ್ದಿರುವ ಮರಗಳ ಬಳಿಗೆ ಹಂತಹಂತವಾಗಿ ಸರಿಯುತ್ತದೆ. 1982ರಲ್ಲಿ ಈ ನದಿಯಲ್ಲಿ ಹೈಡ್ರಿಲ್ಲಾ ಮೊದಲು ಕಂಡಾಗ ದೋಣಿಗಳ ದಾರಿ ಕಟ್ಟಿಹೋಗುತ್ತದೆಂದು ಆತಂಕಪಟ್ಟವರು ಬಹಳ, ಆದರೆ ಬಾಸ್‌ಗೆ ಅದೇ ಗಿಡ ಮನೆಯಾಯಿತು.

ಆದ್ದರಿಂದ ನೀರು ತಿರುಗಿದ ಕೂಡಲೇ ಎಲೆಗಳ ಗುಂಪನ್ನು ಬಿಟ್ಟು, ಅದರೊಳಗಿಂದ ನೀರು ಬಸಿದು ಹೊರಬರುವ ಸಣ್ಣ ಓಣಿಗಳನ್ನು ಹುಡುಕಿ. ಮರಿಮೀನುಗಳು ಆ ನೀರಿನೊಂದಿಗೆ ತಳ್ಳಲ್ಪಟ್ಟು ಬರುತ್ತವೆ, ಬಾಸ್ ಸೆಳೆತಕ್ಕೆ ಮುಖಮಾಡಿ ಅಂಚಿನಲ್ಲಿ ಕಾಯುತ್ತದೆ. ಅಲ್ಲಿ ಕಾಲು ಔನ್ಸ್‌ನ ಸ್ಪಿನ್ನರ್‌ಬೇಟ್ ಅಥವಾ ಕ್ಲೌಸರ್ ಮಿನ್ನೋ ಫ್ಲೈ (ಮರಿಮೀನಿನಂತೆ ಕಾಣುವ, ರೋಮದಿಂದ ಕಟ್ಟಿದ ಆಮಿಷ) ಸಾಕು. ನೀರು ಇನ್ನೂ ಇಳಿದ ಮೇಲೆ ಹೈಡ್ರಿಲ್ಲಾದ ಸಂದುಗಳಲ್ಲಿ ತೂಕವಿಲ್ಲದ 5 ಇಂಚಿನ ಮೆತ್ತನೆಯ ಪ್ಲಾಸ್ಟಿಕ್ ಹುಳುವನ್ನು ಅದರ ಪಾಡಿಗೆ ಮುಳುಗಲು ಬಿಡಿ. ಮರದ ಬುಡಕ್ಕೆ ಹೋದಾಗ ಅದನ್ನೇ ಟೆಕ್ಸಾಸ್ ರಿಗ್ ಮಾಡಿ, ಅಂದರೆ ಮುಂದೆ ಸಣ್ಣ ತೂಕ ಸೇರಿಸಿ, ಕೊಕ್ಕೆಯ ಮೊನೆ ಮರಕ್ಕೆ ಸಿಕ್ಕಿಕೊಳ್ಳದಂತೆ ಹುಳುವಿನೊಳಗೇ ಹುದುಗಿಸಿ.

ಲೈನ್ ಬಾಗುವುದಕ್ಕೆ ಕಾರಣ ನೀವು ಸೆಳೆತಕ್ಕೆ ಅಡ್ಡಲಾಗಿ ಎಸೆಯುತ್ತಿರುವುದು. ಸೆಳೆತದ ಕೆಳಗೆ ಲಂಗರು ಹಾಕಿ, ಓರೆಯಾಗಿ ಮೇಲಕ್ಕೆ ಎಸೆದು, ನೀರು ತರುವುದಕ್ಕಿಂತ ತುಸು ಬೇಗ ಲೈನನ್ನು ಎಳೆದುಕೊಳ್ಳಿ. ರಾಡ್‌ನ ತುದಿ ನೀರಿಗೆ ತಾಗುವಷ್ಟು ಕೆಳಗಿರಲಿ. ಮೀನು ಕಚ್ಚಿದಾಗ ರಾಡ್ ಎತ್ತಬೇಡಿ, ಎಡಗೈಯಿಂದ ಲೈನನ್ನೇ ಗಟ್ಟಿಯಾಗಿ ಒಂದು ಮೊಳ ಜಗ್ಗಿ. ಕೊಕ್ಕೆ ನಾಟಿದ್ದು ಕೈಗೆ ತಿಳಿದ ಮೇಲೆ ರಾಡ್ ಎತ್ತಿದರೆ ಆಯಿತು. ಲೀಡರನ್ನು 7 ಅಡಿಗೆ ಇಳಿಸಿ, ತುದಿ 15 ಪೌಂಡ್ ಎಳೆತ ತಾಳುವಂಥದಿರಲಿ. ಭಾರವಾದ ಪಾಪರನ್ನು 9 ಅಡಿಯ ಲೀಡರ್ ನೆಟ್ಟಗೆ ಮಲಗಿಸಲಾರದು.

ಮೂಡಲದಂಡೆ:

ಅಳಿವೆಬಾಗಿಲು ಅವರು ಹೇಳಿದ್ದಕ್ಕೆ ಗಾಳಿಯ ವಿಷಯವನ್ನು ಸೇರಿಸುತ್ತೇನೆ. ಒಂದೆರಡು ದಿನ ವಾಯವ್ಯದಿಂದ ಜೋರು ಗಾಳಿ ಬೀಸಿದರೆ ಅದು ನದಿಯ ನೀರನ್ನು ಕೊಲ್ಲಿಯ ಕಡೆಗೆ ನೂಕುತ್ತದೆ, ಪಟ್ಟಿಯಲ್ಲಿ ಹೇಳಿದಷ್ಟು ಉಬ್ಬರ ಬರುವುದೇ ಇಲ್ಲ. ಅಂತಹ ದಿನ ಕಯಾಕ್‌ನಲ್ಲಿ ಕ್ರೀಕ್‌ನ ಒಳಭಾಗಕ್ಕೆ ಹೋಗಿ ಕೆಸರಿನಲ್ಲಿ ಸಿಕ್ಕಿಕೊಂಡರೆ ಮುಂದಿನ ಉಬ್ಬರದವರೆಗೆ ಕಾಯಬೇಕಾಗುತ್ತದೆ. ಇಳಿದು ನಡೆಯಲು ಮಾತ್ರ ದಯವಿಟ್ಟು ಪ್ರಯತ್ನಿಸಬೇಡಿ, ಆ ಕೆಸರು ತೊಡೆಯವರೆಗೂ ಹೂತುಕೊಳ್ಳುತ್ತದೆ.

ತುಂಗಾತೀರ:

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಶನಿವಾರ ದಂಟಿನ ಒದ್ದೆಗೆರೆ ಕಂಡ ಕೂಡಲೇ ಹೊರ ಅಂಚಿಗೆ ಸರಿದೆ. ಓಣಿಯೊಂದರ ಬಾಯಲ್ಲಿ ಸ್ಪಿನ್ನರ್‌ಬೇಟ್‌ಗೆ ಮೂರು ಬಾಸ್, ಆಮೇಲೆ ಹುಳುವಿಗೆ ಎರಡು ಸಿಕ್ಕವು. ಫ್ಲೈಗೆ ಕಚ್ಚಿದ ಎರಡರಲ್ಲಿ ಒಂದು ತಪ್ಪಿಸಿಕೊಂಡಿತು, ಏಕೆಂದರೆ ಅಭ್ಯಾಸಬಲದಿಂದ ರಾಡ್ ಎತ್ತಿಬಿಟ್ಟೆ. ಆದರೆ ಇಳಿತ ಮುಗಿದು ನೀರು ನಿಂತಾಗ ಮತ್ತೆ ಎಲ್ಲವೂ ಸ್ತಬ್ಧವಾಯಿತು. ಆಗ ಏನು ಮಾಡುತ್ತೀರಿ?

ಅಳಿವೆಬಾಗಿಲು:

ಬಹಳ ಸಂತೋಷವಾಯಿತು. ನಿಂತ ನೀರಿನಲ್ಲಿ ನಾನೂ ಹೆಚ್ಚೇನೂ ಹಿಡಿದಿಲ್ಲ. ಕಯಾಕನ್ನು ಕಾರಿಗೇರಿಸಿ ನದಿಯ ಮೇಲ್ಭಾಗದಲ್ಲಿರುವ ಪಿಸ್ಕಾಟವೇ ಕ್ರೀಕ್‌ಗೆ ಹೋಗಿ. ಇಲ್ಲಿ ಮುಗಿದ ಇಳಿತ ಅಲ್ಲಿ ಮುಗಿಯುವುದು ತಡವಾಗಿ. ಬೇಗನೆ ಹೊರಟರೆ ಅದರ ಕೊನೆಯ ಭಾಗ ನಿಮಗೆ ಇನ್ನೊಮ್ಮೆ ಸಿಗುತ್ತದೆ.