ಕುಡುವಿನ ಕೊಂಬು: ಸುತ್ತೋ, ಸುರುಳಿಯೋ, ಹುರಿಯೋ?

ಎಲ್ಲರಿಗೂ ನಮಸ್ಕಾರ.

ದಕ್ಷಿಣ ಆಫ್ರಿಕಾದ ಕಾಡುಪ್ರಾಣಿಗಳ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಕುಡು ಎಂಬ ದೊಡ್ಡ ಹುಲ್ಲೆಯ ಅಧ್ಯಾಯಕ್ಕೆ ಬಂದು ನಾಲ್ಕು ದಿನದಿಂದ ನಿಂತಿದ್ದೇನೆ. ಪೊದೆಯ ಮರೆಯಲ್ಲಿ ನಿಂತ ಗಂಡನ್ನು ದೂರದಿಂದಲೇ ನೋಡಿ ಅದರ ಕೊಂಬು ಎಷ್ಟು ಅಂಗುಲ ಬಂದೀತೆಂದು ಬೇಟೆಯ ಮಾರ್ಗದರ್ಶಕರು ಹೇಗೆ ಅಂದಾಜು ಮಾಡುತ್ತಾರೆ ಎಂಬುದೇ ಆ ಅಧ್ಯಾಯ. ಇದಕ್ಕೆ ‘ಕಣ್ಣಳತೆ’ ಎಂಬ ಒಳ್ಳೆಯ ಮಾತು ಕೈಗೆ ಸಿಕ್ಕಿತು. ಮುಂದಿನ ಮಾತುಗಳು ಅಷ್ಟು ಸುಲಭಕ್ಕೆ ಸಿಗುತ್ತಿಲ್ಲ.

ಮೊದಲು ಒಂದು ಮೋಜಿನ ಸಂಗತಿ. ಕನ್ನಡದಲ್ಲಿ ‘ಕುಡು’ ಎಂದರೆ ಬಾಗಿದ್ದು, ಡೊಂಕಾದದ್ದು. ಕುಡುಗೋಲಿನಲ್ಲಿ ಇರುವುದು ಅದೇ ಕುಡು. ಇಷ್ಟು ತಿರುಚಿದ ಕೊಂಬಿನ ಪ್ರಾಣಿಗೆ ಕುಡು ಎಂಬ ಹೆಸರು! ಆದರೆ ಇದು ಕೇವಲ ಕಾಕತಾಳೀಯ. ಪ್ರಾಣಿಯ ಹೆಸರು ಆಫ್ರಿಕಾದ ದಕ್ಷಿಣ ತುದಿಯ ಖೋಯ್‌ಖೋಯ್ ಜನರ ನುಡಿಯಿಂದ ಹೊರಟು, ಡಚ್ಚರ ಬಾಯಿ ಹಾದು ಬಂದದ್ದು. ಯಾರಾದರೂ ಇದನ್ನು ಹಿಡಿದು ಆಫ್ರಿಕಾಕ್ಕೂ ಕನ್ನಡಕ್ಕೂ ನಂಟು ಕಟ್ಟುವ ಮೊದಲೇ ಹೇಳಿಬಿಡುತ್ತಿದ್ದೇನೆ. ಇನ್ನೊಂದು ತಮಾಷೆ ಬರವಣಿಗೆಯಲ್ಲಿದೆ: ಕುಡು ಎಂದು ಬರೆದರೆ ಎರಡು ಅಕ್ಷರಕ್ಕೂ ಒಂದೊಂದು ಕೊಂಬು.

ಈಗ ನಿಜವಾದ ತೊಡಕು. ಹೆಣ್ಣು ಕುಡುವಿಗೆ ಕೊಂಬಿಲ್ಲ. ಗಂಡಿಗೆ ಮೊದಲ ತಿರುವು ಮೂಡುವುದು ಸುಮಾರು ಎರಡು ವರ್ಷಕ್ಕೆ. ಎರಡೂವರೆ ತಿರುವು ತುಂಬಬೇಕಾದರೆ ಆರು ವರ್ಷವಾದರೂ ಬೇಕು. ಅಪರೂಪಕ್ಕೆ ಮೂರು ತಿರುವಿನದೂ ಇರುತ್ತದೆ. ಹೀಗಾಗಿ ತಿರುವುಗಳನ್ನು ಎಣಿಸಿದರೆ ವಯಸ್ಸಿನ ಸುಳಿವೂ ಸಿಗುತ್ತದೆ. ಕೊಂಬಿನ ತುದಿಗಳು ಇನ್ನೂ ಒಳಮುಖವಾಗಿದ್ದರೆ ಅದು ಎಳೆಯದು. ಎರಡನೆಯ ತಿರುವು ದಾಟಿದ ಮೇಲೆ ತುದಿ ಹೊರಕ್ಕೆ ಹೊರಳುತ್ತದೆ. ನಮ್ಮ ದನದ ಜಾತ್ರೆಯಲ್ಲಿ ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿಗೂಡಿದ್ದು’ ಎಂದು ಎತ್ತಿನ ವಯಸ್ಸು ಹೇಳುತ್ತಾರಲ್ಲ, ಅದೇ ಜಾಡಿನಲ್ಲಿ ‘ಸುತ್ತು ತುಂಬಿದ ಗಂಡು’ ಎಂದು ಬರೆದಿದ್ದೇನೆ. ಅದೊಂದು ನನಗೆ ಒಪ್ಪಿತವಾಗಿದೆ.

ಆದರೆ ಒಂದು ತಿರುವನ್ನು ಏನೆನ್ನಬೇಕು? ‘ಸುತ್ತು’ ಎಂದರೆ ಚಕ್ಕುಲಿ ನೆನಪಾಗುತ್ತದೆ, ಅದು ತಟ್ಟೆಯಲ್ಲಿ ಮಟ್ಟಸವಾಗಿ ಬಿದ್ದಿರುತ್ತದೆ. ‘ಸುರುಳಿ’ ಎಂದರೆ ಸುತ್ತಿಟ್ಟ ಚಾಪೆ. ‘ಹುರಿ’ ಎಂದರೆ ಹಗ್ಗ, ಹುರಿಮೀಸೆ. ಅಲ್ಲಿ ವಸ್ತು ತನ್ನ ಮೈಯ ಮೇಲೆ ತಾನೇ ತಿರುಗುತ್ತದೆ. ನಮ್ಮ ಚಿಗರಿಯ, ಎಂದರೆ ಕೃಷ್ಣಮೃಗದ, ಬಿಗಿಯಾದ ಕೊಂಬಿಗೆ ಹುರಿಗೊಂಬು ಎಂದರೆ ಚೆನ್ನಾಗಿ ಒಪ್ಪುತ್ತದೆ. ರಾಣೆಬೆನ್ನೂರಿನ ಬಯಲಿನಲ್ಲಿ ನೋಡಿದವರಿಗೆ ಗೊತ್ತು. ಕುಡುವಿನದು ಹಾಗಲ್ಲ. ಕಾಣದ ಕಂಬವೊಂದನ್ನು ಬಳಸಿ ಹಬ್ಬಿದ ಬಳ್ಳಿಯಂತೆ ಅದು ಸಡಿಲವಾಗಿ, ಅಗಲವಾಗಿ ಏರುತ್ತದೆ.

ಈ ಅಗಲವೇ ಅಳತೆಯ ಮರ್ಮ. ಅರ್ಥವಾಗದೆ ಅಡುಗೆಮನೆಯ ಲಟ್ಟಣಿಗೆ ತಂದೆ. ಎರಡು ಅಂಗುಲ ದಪ್ಪ. ಅದಕ್ಕೆ ಒಂದು ಅಡಿ ಉದ್ದದೊಳಗೆ ಎರಡೂವರೆ ಸುತ್ತು ಬರುವಂತೆ ದಾರ ಸುತ್ತಿ, ಬಿಚ್ಚಿ ಅಳೆದೆ: ಇಪ್ಪತ್ತು ಅಂಗುಲಕ್ಕೆ ಸುಮಾರು ಕಾಲು ಅಂಗುಲ ಕಡಿಮೆ. ಅದೇ ದಾರವನ್ನು ಪೆನ್ಸಿಲಿಗೆ, ಅಷ್ಟೇ ಸುತ್ತು, ಅಷ್ಟೇ ಉದ್ದಕ್ಕೆ ಸುತ್ತಿದರೆ ಹನ್ನೆರಡೂ ಚಿಲ್ಲರೆ. ದೂರದಿಂದ ಎರಡೂ ಒಂದೇ ಎತ್ತರ. ಮಾರ್ಗದರ್ಶಕರು ಕೊಂಬಿನ ಎತ್ತರಕ್ಕಿಂತ ಸುರುಳಿಯ ಒಡಲನ್ನು ಯಾಕೆ ದಿಟ್ಟಿಸುತ್ತಾರೆ ಎಂದು ಆಗ ತಿಳಿಯಿತು. ಇಂಗ್ಲಿಷಿನವರು ಇದನ್ನು ‘ಆಳ’ ಎನ್ನುತ್ತಾರೆ. ಕನ್ನಡದಲ್ಲಿ ‘ಆಳವಾದ ಸುರುಳಿ’ ಎಂದರೆ ಬಾವಿಗೆ ಬಿದ್ದಂತಾಗುತ್ತದೆ. ‘ತುಂಬುಸುರುಳಿ’ ಎನ್ನಬಹುದೇ? ‘ಒಡಲಗಲ’ ಎಂದೂ ಬರೆದು ನೋಡಿದೆ, ಮನೆಯವರು ನಕ್ಕರು.

ಅಳೆಯುವ ಪಟ್ಟಿಯನ್ನು ಕೊಂಬಿನ ಏಣಿನ ಮೇಲೆ, ತಿರುವು ಬಿಡದೆ, ಬುಡದಿಂದ ತುದಿಯವರೆಗೆ ಹಾಯಿಸುತ್ತಾರೆ. ಇದಕ್ಕೆ ‘ಏಣುಗುಂಟ ಅಳತೆ’ ಎಂದಿದ್ದೇನೆ. ಹೊಳೆಗುಂಟ, ದಾರಿಗುಂಟ ಎನ್ನುವ ನಮ್ಮ ‘ಗುಂಟ’ ಇಲ್ಲಿ ಮಾಡುವ ಕೆಲಸವನ್ನು ‘ಉದ್ದಕ್ಕೂ’ ಮಾಡಲಾರದು. ಬೇಟೆಗಾರರಲ್ಲಿ ಹೆಸರಾದ ರೋಲೆಂಡ್ ವಾರ್ಡ್ ದಾಖಲೆ ಪುಸ್ತಕಕ್ಕೆ ಆಫ್ರಿಕಾದ ದಕ್ಷಿಣ ಭಾಗದ ಕುಡು ಸೇರಬೇಕಾದರೆ ಉದ್ದದ ಕೊಂಬು ಕನಿಷ್ಠ 53⅞ ಅಂಗುಲ ಇರಬೇಕು. ಈ ಎಂಟರಲ್ಲಿ ಏಳು ಭಾಗಕ್ಕೆ ಹಳೆಯ ಲೆಕ್ಕದವರ ‘ಮುಕ್ಕಾಲು ಅರೆಕಾಲು’ ಸಿದ್ಧವಾಗಿಯೇ ಇದೆ. ಬಳಸಿದರೆ ಈಗಿನ ಓದುಗರಿಗೆ ತಿಳಿದೀತೇ ಎಂಬುದಷ್ಟೇ ಅನುಮಾನ.

‘ಟ್ರೋಫಿ’ಯದು ಇನ್ನೊಂದು ರಗಳೆ. ನಮ್ಮಲ್ಲಿ ಟ್ರೋಫಿ ಎಂದರೆ ರಣಜಿ. ಇಂಗ್ಲಿಷಿನ ‘ಟ್ರೋಫಿ ಬುಲ್’ ಎಂಬುದನ್ನು ‘ಟ್ರೋಫಿ ಹೋರಿ’ ಎಂದು ಬರೆದರೆ ಹಾವೇರಿ ಕಡೆಯವರು ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಗೆದ್ದು ಬಂದದ್ದು ಎಂದೇ ತಿಳಿಯುತ್ತಾರೆ. ಹೋರಿ, ಗೂಳಿ ಎರಡೂ ದನಕ್ಕೆ ಮೀಸಲಾದ ಮಾತು, ಆದ್ದರಿಂದ ‘ಗಂಡು ಕುಡು’ ಸಾಕು. ಗೋಡೆಗೆ ತೂಗುಹಾಕಲೆಂದು ಆರಿಸಿದ ಪ್ರಾಣಿ ಎಂಬ ಅರ್ಥಕ್ಕೆ ಒಂದೇ ಪದ ಬೇಕು. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಯ ಮಾತುಗಳು ನಮ್ಮ ಬಾಯಿಂದ ಉದುರಿಹೋಗಿವೆ. ಅದಕ್ಕಾಗಿ ನನಗೆ ದುಃಖವಿಲ್ಲ, ಅನುವಾದಕನಾಗಿ ಮಾತ್ರ ಪರದಾಟ. ಕೊಡಗಿನ, ಮಲೆನಾಡಿನ ಹಿರಿಯರ ಮನೆಗಳಲ್ಲಿ ಗೋಡೆಯ ಮೇಲಿನ ಕಡವೆಯ ಕೊಂಬಿಗೆ ಬೇರೆ ಹೆಸರೇನಾದರೂ ಇತ್ತೇ?

ಕೊನೆಯದು: ಮುದಿ ಗಂಡಿನ ಕೊಂಬಿನ ತುದಿ ಸವೆದು ದಂತದ ಬಣ್ಣಕ್ಕೆ ಬಂದಿರುತ್ತದೆ. ಎತ್ತಿನ ಕೊಂಬಿಗೆ ತೊಡಿಸುವ ಹಿತ್ತಾಳೆಯ ಅಣಸು ನೆನೆದು ‘ಬಿಳಿಯಣಸು’ ಎಂದು ಬರೆದಿದ್ದೇನೆ. ಅಣಸು ತೊಡಿಸುವಂಥದ್ದು, ಇದು ತಾನಾಗಿಯೇ ಸವೆದು ಬಂದದ್ದು. ಆ ವ್ಯತ್ಯಾಸ ಓದುವವರನ್ನು ಚುಚ್ಚುತ್ತದೆಯೇ, ಇಲ್ಲ ನನ್ನನ್ನು ಮಾತ್ರವೇ? ಜಾನುವಾರು ಕಟ್ಟಿದ ಮನೆಯವರು ಇದಕ್ಕೆ ಮೊದಲು ಉತ್ತರಿಸಿದರೆ ಉಪಕಾರ.