ಬಾಸ್ಟನ್ 1770: ಗಸ್ತು ಸಿಪಾಯಿಗಳು ಮತ್ತು ಊರಿನವರ ಜಗಳ, ಅಣಕು ನ್ಯಾಯಾಲಯಕ್ಕೆ ವಿವರ ಬೇಕು

ಟೀಚರ್, ಹಾಸನ:
ಒಂಬತ್ತನೇ ತರಗತಿ ಮಕ್ಕಳ ಕೈಲಿ ಬಾಸ್ಟನ್ ಗೋಲಿಬಾರ್ ಪ್ರಕರಣದ (ಅಮೆರಿಕ ಬ್ರಿಟಿಷರ ವಸಾಹತಾಗಿದ್ದಾಗ ಬ್ರಿಟಿಷ್ ಸಿಪಾಯಿಗಳು ಊರಿನವರ ಮೇಲೆ ಗುಂಡು ಹಾರಿಸಿದ್ದು) ಅಣಕು ನ್ಯಾಯಾಲಯ ಮಾಡಿಸಬೇಕು, ಸಿಗೋದು ಎರಡು ಪೀರಿಯಡ್. ತೆರಿಗೆ, ಚಹಾ, ಕ್ರಾಂತಿ ಎಲ್ಲ ಮಕ್ಕಳಿಗೆ ಗೊತ್ತು. ಗಸ್ತಿನ ಸಿಪಾಯಿಗೂ ಬೀದಿಯ ಜನಕ್ಕೂ ದಿನಾ ಯಾವುದಕ್ಕೆ ಕಿತ್ತಾಟ ಅನ್ನೋದು ಗೊತ್ತಿಲ್ಲ. ಸಿಪಾಯಿಗಳು ಜನರ ಮನೆಯೊಳಗೇ ಠಿಕಾಣಿ ಹೂಡಿದ್ದರು ಅನ್ನುತ್ತಾರೆ, ನಿಜವೇ? ಕೈಯಲ್ಲಿ ಕೋವಿ ಇದ್ದೂ ಅಷ್ಟು ಹೊತ್ತು ಬೈಸಿಕೊಂಡು ನಿಂತದ್ದು ಯಾಕೆ? ಕಟಕಟೆಗೆ ಎಷ್ಟು ಮಕ್ಕಳು ಬೇಕು?

ಅರಸೀಕೆರೆ ಓದುಗ:
ಮೇಡಂ, ಮನೆಯ ವಿಷಯ ಮೊದಲು ಹೇಳಿಬಿಡ್ತೀನಿ, ಹೆಚ್ಚಿನವರು ಎಡವೋದು ಅಲ್ಲೇ. ಸಿಪಾಯಿಗಳಿಗೆ ವಸತಿ ಕೊಡಿಸುವ 1765ರ ಕ್ವಾರ್ಟರಿಂಗ್ ಕಾಯ್ದೆ ಜನ ವಾಸವಿರುವ ಮನೆಗೆ ಸಿಪಾಯಿಗಳನ್ನು ತುಂಬಲು ಬಿಟ್ಟಿರಲಿಲ್ಲ. ಮೊದಲು ಬ್ಯಾರಕ್, ಸಾಲದಿದ್ದರೆ ಛತ್ರ, ಹೆಂಡದಂಗಡಿ, ಆಮೇಲೆ ಖಾಲಿ ಮನೆ, ಕೊಟ್ಟಿಗೆ. 1768ರ ಅಕ್ಟೋಬರ್ 1ರಂದು 14 ಮತ್ತು 29ನೇ ರೆಜಿಮೆಂಟುಗಳು ಬಂದಿಳಿದಾಗ ಊರಿನವರು ಇದನ್ನೇ ಹಿಡಿದು ಕೂತರು: ಬಂದರಿನ ದ್ವೀಪದ ಕ್ಯಾಸಲ್ ವಿಲಿಯಂ ಕೋಟೆಯಲ್ಲಿ ಬ್ಯಾರಕ್ ಇದೆ, ಮೊದಲು ಅದನ್ನು ತುಂಬಿಸಿ. ಆದರೆ ಸೈನ್ಯ ಬಂದದ್ದು ಆಮದು ಸರಕಿನ ಮೇಲೆ ಬ್ರಿಟನ್ ಹೇರಿದ್ದ 1767ರ ಟೌನ್‌ಶೆಂಡ್ ಸುಂಕ ವಸೂಲಿ ಮಾಡುವ ಅಧಿಕಾರಿಗಳನ್ನು ಕಾಯಲು. ದ್ವೀಪದಲ್ಲಿ ಕೂತರೆ ಕಾಯುವುದು ಹೇಗೆ? ಹಾಗಾಗಿ ಊರ ಬಯಲಲ್ಲಿ ಡೇರೆ ಹಾಕಿದರು, ಊರಿನ ಸಭಾಭವನ ಫನ್ಯೂಯಿಲ್ ಹಾಲಿನಲ್ಲಿ ಮಲಗಿದರು, ಗೋದಾಮು ಬಾಡಿಗೆಗೆ ಹಿಡಿದರು. ಸುಮಾರು 16,000 ಜನರ ಊರಿನ ನಟ್ಟನಡುವೆ ಸೈನ್ಯ ಬೀಡುಬಿಟ್ಟಿತು.

ರಾತ್ರಿ ಪಹರೆಯವನು "ಯಾರಲ್ಲಿ?" ಅಂತ ಕೂಗಿದರೆ ಊರಿನವರು ಉತ್ತರ ಕೊಡುತ್ತಿರಲಿಲ್ಲ. ನಮ್ಮೂರ ಬೀದಿಯಲ್ಲಿ ನಡೆಯಲು ಇವನ ಅಪ್ಪಣೆ ಯಾಕೆ ಅನ್ನುವ ಸಿಟ್ಟು. ಭಾನುವಾರ ಪ್ರಾರ್ಥನೆಯ ದಿನವೂ ಡೋಲು, ಕೊಳಲಿನ ಸದ್ದು.

ಇದಕ್ಕಿಂತ ಆಳದ ಜಗಳ ಕೂಲಿಯದ್ದು, ಪುಸ್ತಕಗಳು ಇದನ್ನು ಬೇಗ ದಾಟಿಬಿಡುತ್ತವೆ. ಸಿಪಾಯಿಯ ಸಂಬಳ ದಿನಕ್ಕೆ 8 ಪೆನ್ಸ್, ಅದರಲ್ಲೇ ಬಟ್ಟೆಬರೆಗೆ ಕಡಿತ. ಬಿಡುವಿದ್ದಾಗ ಕಡಿಮೆ ಕೂಲಿಗೆ ಕೆಲಸ ಹುಡುಕಿ ಬರುತ್ತಿದ್ದ. ಕಾಫಿ ಕೊಯ್ಲಿಗೆ ಅರ್ಧ ಕೂಲಿಗೆ ಆಳು ಸಿಕ್ಕರೆ ಊರಿನ ಆಳುಗಳ ಗತಿಯೇನು ಅಂತ ಕೇಳಿ ನೋಡಿ, ಮಕ್ಕಳಿಗೆ ತಕ್ಷಣ ಹೊಳೆಯುತ್ತೆ. 1770ರ ಮಾರ್ಚ್ 2ರಂದು 29ನೇ ರೆಜಿಮೆಂಟಿನ ಸಿಪಾಯಿಯೊಬ್ಬ ಜಾನ್ ಗ್ರೇ ಎಂಬವನ ಹಗ್ಗದ ಕಾರ್ಖಾನೆಯ ಹತ್ತಿರ ಹೋದ. ಕೆಲಸ ಬೇಕಾ, ನನ್ನ ಕಕ್ಕಸು ತೊಳಿ ಅಂದ ಅಲ್ಲಿನ ಕೆಲಸಗಾರ. ಸಿಪಾಯಿ ಜೊತೆಗಾರರನ್ನು ಕರೆತಂದ, ದೊಣ್ಣೆ ಹಿಡಿದು ಬಡಿದಾಡಿದರು. (ಕಾರ್ಖಾನೆ ಅಂದರೆ ಉದ್ದುದ್ದದ ಚಾವಡಿ, ಎಳೆ ಬಿಡುತ್ತಾ ಹಿಂದಕ್ಕೆ ನಡೆದು ಹುರಿ ಹೊಸೆಯುವುದು. ನಮ್ಮ ಕಡೆ ತೆಂಗಿನ ನಾರಿನ ಹಗ್ಗ ಹೊಸೆಯೋದು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.) ಆ ಬಡಿದಾಟಗಳಲ್ಲಿದ್ದ ಸಿಪಾಯಿ ಕಿಲ್‌ರಾಯ್, ಹಗ್ಗದ ಕೆಲಸಗಾರ ಸ್ಯಾಮ್ಯುಯೆಲ್ ಗ್ರೇ ಇಬ್ಬರೂ ಮಾರ್ಚ್ 5ರ ರಾತ್ರಿ ಮತ್ತೆ ಎದುರಾದರು. ಸರ್ಕಾರಿ ವಕೀಲರ ಪಾತ್ರ ಮಾಡುವ ಮಗುವಿಗೆ ಇದನ್ನು ಮರೆಯದೆ ಕೊಡಿ.

ಮೂಡಿಗೆರೆ ಲಾಯರ್:
ಕೋವಿಯ ಪ್ರಶ್ನೆಗೆ ಉತ್ತರ ಆಗಿನ ಕಾನೂನಿನಲ್ಲಿದೆ. ಗುಂಪು ಚದುರಿಸಲು ಸೈನಿಕ ತಾನಾಗಿ ಗುಂಡು ಹಾರಿಸುವಂತಿಲ್ಲ. ಮ್ಯಾಜಿಸ್ಟ್ರೇಟ್ ಬಂದು ಗಲಭೆ ಕಾಯ್ದೆಯ ಘೋಷಣೆ ಓದಬೇಕು, ಚದುರಲು ಒಂದು ಗಂಟೆ ಕೊಡಬೇಕು. ಬಾಸ್ಟನ್ನಿನಲ್ಲಿ ಓದಲು ಯಾವ ಮ್ಯಾಜಿಸ್ಟ್ರೇಟೂ ಮುಂದೆ ಬರಲಿಲ್ಲ. ಗುಂಪಿಗೆ ಇದು ಚೆನ್ನಾಗಿ ಗೊತ್ತಿತ್ತು, ಅದಕ್ಕೇ "ಹೊಡಿ ನೋಡೋಣ" ಅನ್ನುವ ಧೈರ್ಯ. ಕೋವಿ ಕೊಟ್ಟು, ಬಳಸುವ ಅಧಿಕಾರ ಕೊಡದೆ ಜನರ ನಡುವೆ ನಿಲ್ಲಿಸಿದ್ದೇ ಇಡೀ ಅನಾಹುತದ ಮೂಲ ಅಂತ ನನ್ನ ತೀರ್ಮಾನ. ಪ್ರಾಣಕ್ಕೆ ಕುತ್ತು ಬಂದರೆ ಮಾತ್ರ ಬೇರೆ ಮಾತು, ಪ್ರತಿವಾದ ನಿಂತದ್ದು ಅದರ ಮೇಲೆ.

ಆ ರಾತ್ರಿಯ ಕ್ರಮ: ಸುಂಕದ ಕಟ್ಟೆಯ ಮುಂದೆ ಹ್ಯೂ ವೈಟ್ ಒಬ್ಬನೇ ಪಹರೆ. ವಿಗ್ ಮಾಡುವವನ ಬಳಿ ಕೆಲಸ ಕಲಿಯುತ್ತಿದ್ದ ಹುಡುಗ, ಅಧಿಕಾರಿಯೊಬ್ಬ ಬಾಕಿ ಕೊಟ್ಟಿಲ್ಲ ಅಂತ ಹಂಗಿಸಿದ. ವೈಟ್ ಕೋವಿಯಿಂದ ಅವನ ತಲೆಗೆ ಹೊಡೆದ. ಜನ ಸೇರಿದರು, ಚರ್ಚಿನ ಗಂಟೆ ಬಾರಿಸಿತು, ಮಂಜಿನ ಉಂಡೆ, ಐಸಿನ ಚೂರು ತೂರಿಬಂದವು. ಕ್ಯಾಪ್ಟನ್ ಪ್ರೆಸ್ಟನ್ ಒಬ್ಬ ಕಾರ್ಪೊರಲ್, ಆರು ಸಿಪಾಯಿಗಳನ್ನು ಕರೆತಂದ. ಮಾಂಟ್ಗೊಮೆರಿ ಎಂಬ ಸಿಪಾಯಿ ಪೆಟ್ಟು ತಿಂದು ಬಿದ್ದ, ಎದ್ದು ಗುಂಡು ಹಾರಿಸಿದ, ಉಳಿದವರೂ ಹಾರಿಸಿದರು. ಗುಂಡೇಟಿಗೆ ಕ್ರಿಸ್ಪಸ್ ಅಟಕ್ಸ್, ಸ್ಯಾಮ್ಯುಯೆಲ್ ಗ್ರೇ, ಕಾಲ್ಡ್‌ವೆಲ್ ಅಲ್ಲೇ ಸತ್ತರು, ಮ್ಯಾವರಿಕ್ ಮರುದಿನ, ಕಾರ್ ಮಾರ್ಚ್ 14ರಂದು.

ಕಟಕಟೆಗೆ ಒಂಬತ್ತು ಮಕ್ಕಳು, ಆದರೆ ಒಟ್ಟಿಗೆ ನಿಲ್ಲಿಸಬೇಡಿ. ಪ್ರೆಸ್ಟನ್ ವಿಚಾರಣೆ ಅಕ್ಟೋಬರ್‌ನಲ್ಲಿ ಬೇರೆ, ಎಂಟು ಸಿಪಾಯಿಗಳದ್ದು ನವೆಂಬರ್ 27ರಿಂದ ಬೇರೆ. ಒಟ್ಟಿಗೆ ನಿಂತರೆ "ಕ್ಯಾಪ್ಟನ್ ಹೇಳಿದ್ದಕ್ಕೆ ಹಾರಿಸಿದೆವು", "ನಾನು ಹೇಳಲಿಲ್ಲ" ಅಂತ ಒಬ್ಬರ ವಾದ ಇನ್ನೊಬ್ಬರನ್ನು ಕೆಡಿಸುತ್ತದೆ. ಎರಡರಲ್ಲೂ ಪ್ರತಿವಾದಕ್ಕೆ ವಕೀಲ ಜಾನ್ ಆಡಮ್ಸ್. ಪ್ರೆಸ್ಟನ್ ಮತ್ತು ಆರು ಸಿಪಾಯಿಗಳು ಖುಲಾಸೆ. ಮಾಂಟ್ಗೊಮೆರಿ, ಕಿಲ್‌ರಾಯ್ ಮೇಲೆ ಕೊಲೆಯಲ್ಲದ ನರಹತ್ಯೆ ಸಾಬೀತಾಗಿ ಹೆಬ್ಬೆರಳಿಗೆ ಬರೆ.

ಟೀಚರ್, ಹಾಸನ:
ತುಂಬಾ ಉಪಕಾರವಾಯ್ತು. ಹಿಂದಿನ ಪರದೆಗೆ ಈ ಗೋಲಿಬಾರ್ ತೋರಿಸುವ ಪಾಲ್ ರೆವೆರ್‌ನ ಚಿತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸಬಹುದಾ?

ಅರಸೀಕೆರೆ ಓದುಗ:
ಪರದೆಗೆ ಬೇಡ ಮೇಡಂ, ಅದನ್ನು ನೋಡಿದರೆ ತೀರ್ಪು ಮೊದಲೇ ಬಂದುಬಿಡುತ್ತೆ. ಸಿಪಾಯಿಗಳು ಸಾಲಾಗಿ ನಿಂತು ಹಾರಿಸುತ್ತಾರೆ, ಪ್ರೆಸ್ಟನ್ ಕತ್ತಿ ಎತ್ತಿ ಆಜ್ಞೆ ಕೊಡುತ್ತಾನೆ, ಜನರ ಕೈ ಖಾಲಿ. ಜನರನ್ನು ಕೆರಳಿಸಲೆಂದೇ ಕೊರೆದದ್ದು, ಅದೂ ಹೆನ್ರಿ ಪೆಲ್‌ಹ್ಯಾಮ್‌ನ ಚಿತ್ರ ನೋಡಿಕೊಂಡು. ಅದನ್ನೇ ಒಂದು ಸಾಕ್ಷ್ಯವಾಗಿ ತಂದು ಪಾಟೀಸವಾಲು ಮಾಡಿಸಿ.

ಮೂಡಿಗೆರೆ ಲಾಯರ್:
ಸಂಭಾಷಣೆ ಕನ್ನಡದಲ್ಲಿ ಬರೆಯುವಾಗ ಒಂದು ಮಾತನ್ನು ಮಾತ್ರ ಅನುವಾದಿಸಬೇಡಿ: "ಫೈರ್". ಗಂಟೆ ಬಾರಿಸಿದರೆ ಬೆಂಕಿ ಬಿದ್ದಿದೆ ಅಂತ ಅರ್ಥ, ಆರಿಸಲು ಓಡಿಬಂದವರೂ "ಫೈರ್" ಅಂತಲೇ ಕೂಗುತ್ತಿದ್ದರು. ಹೊಡಿ ನೋಡೋಣ ಅಂತ ಕೆಣಕಿದವರದ್ದೂ ಅದೇ ಶಬ್ದ, ಗುಂಡು ಹಾರಿಸುವ ಆಜ್ಞೆಯೂ ಅದೇ. ಯಾರ ಬಾಯಿಂದ, ಯಾವ ಅರ್ಥದಲ್ಲಿ ಬಂತು ಅನ್ನೋದೇ ಪ್ರೆಸ್ಟನ್‌ನ ಕೇಸು. "ಬೆಂಕಿ", "ಹಾರಿಸಿ" ಅಂತ ಬೇರೆ ಬೇರೆ ಬರೆದರೆ ವಿಚಾರಣೆಗೆ ಏನೂ ಉಳಿಯೋದಿಲ್ಲ. ಗುಂಪಿನ ಪಾತ್ರದ ನಾಲ್ಕೈದು ಮಕ್ಕಳಿಗೆ ಆ ಕೂಗು ಹಂಚಿ, ಸಾಕ್ಷಿಗಳನ್ನು ಆ ಹೊತ್ತಿಗೆ ಬೆನ್ನು ತಿರುಗಿಸಿ ನಿಲ್ಲಿಸಿ.