ತಕ್ಕಡಿ ಬೇಡ, ಟ್ಯಾಂಕೇ ಇರಲಿ

(ಕೇರಳದ ಕುಂಬಳೆಯ ನಮ್ಮ ಕುಟುಂಬದ ವಾಟ್ಸಾಪ್ ಗುಂಪು. ಇಲ್ಲಿ ಅರ್ಧಂಬರ್ಧ ವಾಕ್ಯ ಬರೆದರೆ ನಿವೃತ್ತ ಮುಖ್ಯೋಪಾಧ್ಯಾಯರಾದ ದೊಡ್ಡಪ್ಪ ತಿದ್ದಿ ಮರಳಿ ಕಳುಹಿಸುತ್ತಾರೆ.)

ಅಕ್ಕ: ಹತ್ತನೆಯ ತರಗತಿಗೆಂದು ಮಾಡಿದ ಈ ಚಿತ್ರವನ್ನು ನೋಡಿ. ತಕ್ಕಡಿಯ ಒಂದು ತಟ್ಟೆಯಲ್ಲಿ ಶಾಖ, ಇನ್ನೊಂದರಲ್ಲಿ ಚಳಿ. ಕೆಳಗೆ ‘ದೇಹದ ಒಳಗಿನ ಸ್ಥಿತಿ ಬದಲಾಗದೆ ಇರುವುದೇ ಸಮಸ್ಥಿತಿ’ ಎಂಬ ವಾಕ್ಯವಿದೆ. ನಾಳೆ ಗೋಡೆಗೆ ಅಂಟಿಸುತ್ತೇನೆ.

ದೊಡ್ಡಪ್ಪ: ಒಳ್ಳೆಯದಾಯಿತು, ಮಗಳೇ. ವಾಕ್ಯ ಚಿಕ್ಕದಾಗಿದೆ, ಪರೀಕ್ಷೆಯಲ್ಲಿ ನೆನಪಿಗೆ ಬರುತ್ತದೆ.

ನಾನು: ‘ಬದಲಾಗದೆ’ ಎಂಬ ಮಾತಿಗೆ ನನ್ನ ತಕರಾರಿದೆ, ಅಕ್ಕ. ಸಮತೂಕಕ್ಕೆ ಬಂದ ತಕ್ಕಡಿ ತಾನಾಗಿಯೇ ನಿಂತಿರುತ್ತದೆ, ದೇಹಕ್ಕೆ ಆ ಸುಖವಿಲ್ಲ. ಬರಿಹೊಟ್ಟೆಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 70ರಿಂದ 100 ಮಿಲಿಗ್ರಾಂ ಇರುವ ಸಕ್ಕರೆ ಉಂಡ ಮೇಲೆ ಏರುತ್ತದೆ, ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್ ಅದನ್ನು ಇಳಿಸುತ್ತದೆ, ತೀರಾ ಇಳಿಯಹೊರಟರೆ ಅದೇ ಗ್ರಂಥಿಯ ಗ್ಲುಕಗಾನ್ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೋಜೆನನ್ನು ಒಡೆಸಿ ಮತ್ತೆ ಏರಿಸುತ್ತದೆ. 1926ರಲ್ಲಿ ಸಮಸ್ಥಿತಿಗೆ ಹೋಮಿಯೋಸ್ಟಾಸಿಸ್ ಎಂಬ ಪದವನ್ನು ಕೊಟ್ಟ ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಕೂಡ ‘ಒಂದೇ’ ಎಂಬರ್ಥದ ‘ಹೋಮೋ’ವನ್ನು ಬಿಟ್ಟು ‘ಹೋಲುವ’ ಎಂಬರ್ಥದ ‘ಹೋಮಿಯೋ’ವನ್ನೇ ಆರಿಸಿಕೊಂಡದ್ದು ಈ ಏರಿಳಿತಕ್ಕೆ ಜಾಗ ಇರಲೆಂದು.

ಭಾವ: ಹಾಗಾದರೆ ತೋಟದ ಟ್ಯಾಂಕನ್ನೇ ತೋರಿಸಬಹುದಲ್ಲ? ನೀರು ಇಳಿದರೆ ಸೆನ್ಸರ್ ಪಂಪನ್ನು ಓಡಿಸುತ್ತದೆ, ತುಂಬಿದರೆ ನಿಲ್ಲಿಸುತ್ತದೆ.

ನಾನು: ತಕ್ಕಡಿಗಿಂತ ಅದು ಎಷ್ಟೋ ಮೇಲು, ಭಾವ. ಆದರೆ ನೀರು ಹೆಚ್ಚಾದರೆ ಹೊರಹಾಕುವ ಎರಡನೆಯ ಪಂಪು ಆ ಟ್ಯಾಂಕಿಗಿಲ್ಲ, ದೇಹಕ್ಕೆ ಎರಡೂ ಇವೆ.

ಚಿಕ್ಕಮ್ಮ: ಆಸ್ಪತ್ರೆಯ ವಾರ್ಡಿನಲ್ಲಿ ದಿನವೂ ಕಂಡದ್ದನ್ನು ಹೇಳುತ್ತೇನೆ. ಜ್ವರ ಏರುತ್ತಿರುವಾಗ ಮೈ 38 ಡಿಗ್ರಿ ಸೆಲ್ಸಿಯಸ್ ಸುಡುತ್ತಿದ್ದರೂ ರೋಗಿ ಇನ್ನೊಂದು ಕಂಬಳಿ ಕೇಳುತ್ತಾನೆ, ಏಕೆಂದರೆ ಮೈಯ ಉಷ್ಣತೆಯನ್ನು ನಿಯಂತ್ರಿಸುವ ಮಿದುಳಿನ ಭಾಗವಾದ ಹೈಪೋಥಲಮಸ್ ತಾನು ಗುರಿಯಾಗಿಟ್ಟುಕೊಂಡ 37ರ ಗುರುತನ್ನೇ 39ಕ್ಕೆ ಏರಿಸಿರುತ್ತದೆ. ಅಲ್ಲಿಗೆ ಮುಟ್ಟುವ ತನಕ ನಡುಕ, ಗುರುತು ಕೆಳಗಿಳಿದ ಮೇಲೆ ಬೆವರು. ತಕ್ಕಡಿ ಇದನ್ನು ಹೇಗೆ ತೋರಿಸೀತು?

ಭಾವ: ಅಂದರೆ ಸೆನ್ಸರಿನ ವಯರನ್ನು ಯಾರೋ ಮೇಲಕ್ಕೆ ಎಳೆದು ಕಟ್ಟಿದಂತಾಯಿತು.

ಚಿಕ್ಕಮ್ಮ: ಹೌದು, ಸರಿಯಾಗಿ ಹಾಗೆಯೇ.

ದೊಡ್ಡಪ್ಪ: ನೀವೆಲ್ಲ ತರಗತಿಯಲ್ಲಿ ಕುಳಿತ ಮಗುವನ್ನು ಮರೆತಿದ್ದೀರಿ. ಕನ್ನಡ ಮಾಧ್ಯಮದಲ್ಲಿ ಮೇದೋಜೀರಕ ಎಂದು ಕಲಿತವನು ಸಂಜೆ ಟ್ಯೂಷನ್‌ನಲ್ಲಿ ಮಲಯಾಳದ ಆಗ್ನೇಯಗ್ರಂಥಿಯನ್ನು ಕೇಳುತ್ತಾನೆ. ಎರಡೂ ಒಂದೇ ಎಂದು ತಿಳಿಯುವಷ್ಟರಲ್ಲಿ ನೀವು ಗ್ಲುಕಗಾನ್, ಹೈಪೋಥಲಮಸ್ ಎಂದು ಹೇರಿದರೆ ಅವನು ಪುಸ್ತಕವನ್ನೇ ಮುಚ್ಚುತ್ತಾನೆ.

ನಾನು: ಈ ಮಾತನ್ನು ಒಪ್ಪಿದೆ, ದೊಡ್ಡಪ್ಪ, ಪದ ಆಮೇಲೆ ಬರಲಿ. ಮೊದಲು ಮಕ್ಕಳು ಕುಳಿತಲ್ಲೇ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಲಿ, ಮೈದಾನಕ್ಕೆ ಎರಡು ಸುತ್ತು ಓಡಿ ಬಂದು ನಿಮಿಷಕ್ಕೊಮ್ಮೆ ಹಾಗೆಯೇ ಎಣಿಸಿ ಗ್ರಾಫ್ ಎಳೆಯಲಿ. ಮೇಲೇರಿದ ಗೆರೆ ಹಳೆಯ ಜಾಗಕ್ಕೆ ಮರಳುವುದನ್ನು ಕಂಡವನಿಗೆ ಅರ್ಧ ಪಾಠ ತಿಳಿದಂತೆ.

ಚಿಕ್ಕಮ್ಮ: ಅಲ್ಲೊಂದು ತೊಡಕಿದೆ. ನಾಡಿಯು ಕಾಯಬೇಕಾದ ವಸ್ತುವಲ್ಲ, ಕಾವಲಿನ ಆಳು; ಸ್ನಾಯುಗಳಿಗೆ ಆಮ್ಲಜನಕ ಕಡಿಮೆಯಾಗದಂತೆ ಅದು ಓಡಾಡುತ್ತದೆ. ಆದ್ದರಿಂದ ಥರ್ಮಾಮೀಟರನ್ನೂ ಇಡಿಸು. ನಾಡಿಯ ಗೆರೆ ಎಗರಿದಾಗ ಉಷ್ಣತೆಯ ಗೆರೆ ಅಲುಗಿಯೂ ಅಲುಗದಂತೆ ಇರುತ್ತದೆ. ಕಾವಲಿನ ಆಳು ಯಾವುದು, ಕಾಯಬೇಕಾದ ವಸ್ತು ಯಾವುದು ಎಂದು ಎರಡನ್ನೂ ಒಂದೇ ಹಾಳೆಯಲ್ಲಿ ನೋಡಿದರೆ ತಿಳಿಯುತ್ತದೆ. ಏದುಸಿರು ನಿಂತ ಮೇಲೆಯೇ ನಾಲಿಗೆಯಡಿ ಇಡಬೇಕು, ಬಾಯಿ ತೆರೆದು ಉಸಿರಾಡಿದರೆ ಅಳತೆ ತಪ್ಪುತ್ತದೆ.

ಭಾವ: ಓಟ ಬೆಳಿಗ್ಗೆಯೇ ಮುಗಿಯಲಿ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ, ಆರದಿದ್ದರೆ ಮೈ ತಣಿಯುವುದೂ ಇಲ್ಲ.

ಅಕ್ಕ: ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಹೊರಗೆ ಏನೇ ಬದಲಾದರೂ ಒಳಗಿನ ಸ್ಥಿತಿಯನ್ನು ಸಣ್ಣ ಮಿತಿಯೊಳಗೆ ಮರಳಿ ಮರಳಿ ತಂದುಕೊಳ್ಳುವುದೇ ಸಮಸ್ಥಿತಿ.’ ಚಿಕ್ಕಮ್ಮ, ನಿಮ್ಮಲ್ಲಿರುವ ಥರ್ಮಾಮೀಟರುಗಳನ್ನು ನಾಳೆಗೆ ಕೊಡುತ್ತೀರಾ?

ದೊಡ್ಡಪ್ಪ: ‘ಮರಳಿ ಮರಳಿ’ ಎಂದು ಎರಡು ಸಲ ಬೇಡ, ಒಂದು ಸಾಕು. ತಕ್ಕಡಿಯ ಚಿತ್ರವನ್ನು ಹರಿಯಬೇಡ, ಹಿಂಬದಿ ಖಾಲಿ ಇದೆ, ಟ್ಯಾಂಕನ್ನು ಅಲ್ಲೇ ಬರೆ.